ಪವರ್ ಕೇಳಬ್ಯಾಡ್ರಿ, ಎಣ್ಣಿ ನೋಡ್ರಿ

ನಮ್ಮ ಕಡೆ ಯಾರರ ಕಾರ್ ತೊಗೊಂಡ್ರ ಮಂದಿ ಕೇಳೂದು ಎರಡ ಪ್ರಶ್ನೆ. ಒಂದು, "ಎವರೇಜ್ ಎಷ್ಟ ಕೊಡ್ತದ?" ಇನ್ನೊಂದು, "ಪಿಕಪ್ ಹೆಂಗದ?" ಗಾಡಿ ಸಣ್ಣದಿದ್ರ ಮೂರನೇದೊಂದು ಮಾತು ಬರ್ತದ. ಅದು ಪ್ರಶ್ನೆ ಅಲ್ಲ, ತೀರ್ಪು: "ಎಂಟನೂರು ಸಿ.ಸಿ. ಏನ್ರೀ, ಹೊಲಿಗಿ ಮಷೀನ್ ಇದ್ಧಂಗ!"

ಹಂಗಂದವರು ಯಾರೂ ಹೊಲಿಗಿ ಮಷೀನ್ ನಡಿಸಿದವರಲ್ಲ ಅನ್ನೂದು ಅವರ ಮಾತಿನಾಗ ಗೊತ್ತಾಗ್ತದ. ನಮ್ಮವ್ವನ ಹೊಲಿಗಿ ಮಷೀನ್ ನಲವತ್ತು ವರ್ಷ ನಡೀತು. ಯಾಕ ನಡೀತು? ಆಕಿ ವಾರಕ್ಕೊಮ್ಮೆ ತಪ್ಪದ ಎಣ್ಣಿ ಬಿಡ್ತಿದ್ಲು, ದಪ್ಪ ಅರಬಿ ಬಂದಾಗ ಗಾಲಿ ನಿಧಾನ ತಿರುಗಿಸ್ತಿದ್ಲು. ಮಷೀನ್ ಸಣ್ಣದೋ ದೊಡ್ಡದೋ ಅನ್ನೂದರ ಮ್ಯಾಲೆ ಅದರ ಆಯುಷ್ಯ ಇರಲಿಲ್ಲ. ಸಣ್ಣ ಪೆಟ್ರೋಲ್ ಎಂಜಿನ್ ವಿಷಯದಾಗ ನಾ ಹೇಳೂದೂ ಇಷ್ಟ. ಸಣ್ಣದು ಅಂದ ಮಾತ್ರಕ್ಕ ಅದು ಕೈಲಾಗದ್ದಲ್ಲ, ಲಗೂ ಕೆಡೂದೂ ಅಲ್ಲ. ಕಂಪನಿಯವರು ಮುಂದ ಹಿಡಿಯೋ ಬಣ್ಣದ ಕಾಗದ ಮಾರಲಿಕ್ಕೆ ಬರದದ್ದು. ಗಾಡಿ ಜೋಡಿ ಬರೋ ಪುಸ್ತಕದ ಕಡೀ ಪುಟದ ಕೋಷ್ಟಕ ಗಾಡಿ ನಡಿಸ್ಲಿಕ್ಕೆ ಬರದದ್ದು. ನಾವು ಮೊದಲನೇದನ್ನ ಬಾಯಿಪಾಠ ಮಾಡ್ತೇವಿ, ಎರಡನೇದನ್ನ ಪ್ಲ್ಯಾಸ್ಟಿಕ್ ಚೀಲದಿಂದ ಹೊರಗ ತಗಿಯೂದ ಇಲ್ಲ. ಆಮ್ಯಾಲೆ ಎಂಜಿನ್ನಿಗೆ ಬೈತೇವಿ.

ಇದನ್ನ ಈಗ ಯಾಕ ಬರೀಲಿಕತ್ತೇನಿ ಅಂದ್ರ, ಈ ವರ್ಷ ನಮ್ಮ ಬಳಗದಾಗ ಮೂರು ಮಂದಿ ಚಲೋ ನಡೀತಿದ್ದ ಸಣ್ಣ ಗಾಡಿ ಮಾರಿ, ಸಾಲಾ ಮಾಡಿ ದೊಡ್ಡದು ತಂದ್ರು. ಮೂರೂ ಮಂದಿ ಕೊಟ್ಟ ಕಾರಣ ಒಂದ: "ಎಂಜಿನ್ ವೀಕ್ ಆಗಿತ್ರೀ." ಮೂರೂ ಮನಿ ಹೆಣ್ಣಮಕ್ಕಳನ್ನ ಕೇಳಿದೆ, ಎಂಜಿನ್ನಿಗೆ ಏನಾಗಿತ್ತು ಅಂತ. ಮೂವರೂ "ನಮಗೇನ ಗೊತ್ತಾಗ್ತದರೀ, ಅವರಿಗೇ ಗೊತ್ತು" ಅಂದ್ರು. ಕಂತು ಮಾತ್ರ ಮೂರೂ ಮನಿ ಸಂತಿ ರೊಕ್ಕದಾಗ ಕಡಿಮಿ ಆಗ್ಲಿಕತ್ತದ. ಕಂತು ಕಟ್ಟೂದು ನಮಗೂ ಗೊತ್ತಾಗಬೇಕಂದ್ರ ಎಂಜಿನ್ನೂ ನಮಗ ಗೊತ್ತಾಗಬೇಕು. ನಾ ಓದಿದ್ದು ಪಿ.ಯು.ಸಿ., ಅದೂ ಆರ್ಟ್ಸ್. ಇದಕ್ಕ ಅದು ಸಾಕಾಗ್ತದ.

ಮೊದಲು ಸಿ.ಸಿ. ಅಂದ್ರೇನು ನೋಡೋಣು. ಮಾರುತಿ 800 ಎಲ್ಲಾರಿಗೂ ಗೊತ್ತಿದ್ದ ಗಾಡಿ, ಅದನ್ನ ತೊಗೋತೇನಿ. ಅದರ ಎಂಜಿನ್ 796 ಸಿ.ಸಿ. ಒಳಗ ಮೂರು ಸಿಲಿಂಡರ್. ಒಂದೊಂದರ ಬಾಯಿ ಅಗಲ 68.5 ಮಿಲಿಮೀಟರ್, ಪಿಸ್ಟನ್ ಮ್ಯಾಲಿಂದ ಕೆಳಗ ಓಡಾಡೂದು 72 ಮಿಲಿಮೀಟರ್. ನಮ್ಮ ಸ್ಟೀಲಿನ ಚಹಾದ ಡಬ್ಬಿ ಅಳತಿ ಹೆಂಗ ಹಾಕ್ತೇವೋ ಹಂಗ ಲೆಕ್ಕಾ ಹಾಕ್ರಿ: ಒಂದೊಂದು ಸಿಲಿಂಡರಿನಾಗ 265 ಸಿ.ಸಿ. ಜಾಗಾ, ಮೂರೂ ಕೂಡಿ 796. ಅಂದ್ರ ಸಿ.ಸಿ. ಅನ್ನೂದು ಬರೇ ಒಳಗಿನ ಜಾಗಾದ ಅಳತಿ. ಭಾಂಡೆ ಎಷ್ಟು ದೊಡ್ಡದು ಅಂತ ಅದು ಹೇಳ್ತದ, ಅಡಗಿ ಎಷ್ಟು ರುಚಿ ಅಂತ ಹೇಳೂದಿಲ್ಲ.

ಇದಕ್ಕ ಸಾಕ್ಷಿ ನಮ್ಮ ರಸ್ತೆದ ಮ್ಯಾಲೇ ಇತ್ತು. 1983ರ ಡಿಸೆಂಬರ್ 14ಕ್ಕ ಮಾರುತಿ 800 ಬಂತು. ಆವಾಗ ಊರಾಗ ಇದ್ದದ್ದು ಪ್ರೀಮಿಯರ್ ಪದ್ಮಿನಿ ಮತ್ತ ಅಂಬಾಸಿಡರ್. ಪದ್ಮಿನಿ ಎಂಜಿನ್ 1089 ಸಿ.ಸಿ., ನಾಕು ಸಿಲಿಂಡರ್, ಶಕ್ತಿ ಸುಮಾರು 40 ಕುದುರಿ. ಎಂಟನೂರರದ್ದು ಸುಮಾರು 37. ಹತ್ತತ್ರ ಮುನ್ನೂರು ಸಿ.ಸಿ. ಕಡಿಮಿ ಇದ್ರೂ ಶಕ್ತಿ ಒಳಗ ಹಿಂದ ಬಿದ್ದದ್ದು ಮೂರ ಕುದುರಿ. ಮ್ಯಾಲಿಂದ ಗಾಡಿ ಎರಡು ಕ್ವಿಂಟಲಿಗಿಂತ ಹೆಚ್ಚು ಹಗುರ. ಹಗುರ ಗಾಡಿಗೆ ಸಣ್ಣ ಎಂಜಿನ್ ಸಾಕಾಗ್ತದ, ಮೂರು ಮಂದಿ ಮನಿಗೆ ಮೂರು ಲೀಟರ್ ಕುಕ್ಕರ್ ಸಾಕಾದಂಗ. ಆಮ್ಯಾಲೆ ಬಂದ ಟಾಟಾ ನ್ಯಾನೋ ಎರಡ ಸಿಲಿಂಡರಿನ 624 ಸಿ.ಸಿ. ಎಂಜಿನ್ನಿನಿಂದ ಹತ್ತತ್ರ ಅಷ್ಟ ಶಕ್ತಿ ತಗೀತು. ಹಂಗಿದ್ರ ಸಿ.ಸಿ. ನೋಡಿ ಎಂಜಿನ್ನಿನ ಯೋಗ್ಯತಾ ಅಳಿಯೂದು ಎಲ್ಲಿ ಬಂತು?

ಇನ್ನ ಪವರ್. ಬಣ್ಣದ ಕಾಗದದಾಗ ದೊಡ್ಡ ಅಕ್ಷರದಾಗ ಪವರ್ ಬರದಿರ್ತಾರ, ಅದರ ಮಗ್ಗಲಿಗೆ ಸಣ್ಣ ಅಕ್ಷರದಾಗ "ಇಷ್ಟು ಆರ್.ಪಿ.ಎಂ.ಗೆ" ಅಂತ ಇರ್ತದ. ಕಣ್ಣಿಗೆ ಚಶ್ಮಾ ಹಾಕ್ಕೊಂಡು ಓದಬೇಕಾದ್ದು ಆ ಸಣ್ಣ ಅಕ್ಷರ. 800 ಗಾಡಿದ 37 ಕುದುರಿ ಬರೂದು ಎಂಜಿನ್ ನಿಮಿಷಕ್ಕ 5000 ಸುತ್ತು ತಿರುಗಿದಾಗ. ಆಲ್ಟೊ 800ರ 48 ಬರೂದು 6000ಕ್ಕ. ಈಗಿನ ಒಂದು ಲೀಟರಿನ ಆಲ್ಟೊ ಕೆ10ದ ಸುಮಾರು 67 ಬರೂದು 5500ಕ್ಕ. ನೀವ ಹೇಳ್ರಿ, ಧಾರವಾಡದ ಜ್ಯುಬಿಲಿ ಸರ್ಕಲ್‌ನಾಗ ಮುಂದ ಆಟೋ, ಹಿಂದ ಬಸ್ಸು, ಮಗ್ಗಲಿಗೆ ಆಕಳ ಇದ್ದಾಗ ಯಾವ ಪುಣ್ಯಾತ್ಮ ಎಂಜಿನ್ 5500ಕ್ಕ ಒಯ್ತಾನ? ಮಾರಾಟದ ಕಾಗದದಾಗಿನ ಪವರ್ ಅಂದ್ರ ಮಿಕ್ಸರ್ ಮೂರನೇ ನಂಬರಿಗೆ ತಿರುವಿದಾಗಿನ ಶಕ್ತಿ. ನಾವು ದಿನಾ ಚಟ್ನಿ ಮಾಡೂದು ಒಂದನೇ ನಂಬರಿಗೆ.

ದಿನದ ಕೆಲಸಕ್ಕ ಬೇಕಾಗೂದು ಇನ್ನೊಂದು ಅಂಕಿ, ಅದಕ್ಕ ಟಾರ್ಕ್ ಅಂತಾರ. ಬೀಸುಕಲ್ಲಿಗೆ ಜ್ವಾಳ ತುಂಬಿ, ನಿಂತ ಕಲ್ಲನ್ನ ಮೊದಲನೇ ಸುತ್ತು ತಿರುಗಿಸ್ಲಿಕ್ಕೆ ತೋಳಿಗೆ ಬೇಕಾಗೋ ಜೋರ ಟಾರ್ಕ್. ಒಂದು ತಾಸಿನಾಗ ಎಷ್ಟು ಸೇರು ಬೀಸಿ ಮುಗಿಸಿದ್ರಿ ಅನ್ನೂದು ಪವರ್. ಹಳೇ 800ರ ಎಂ.ಪಿ.ಎಫ್.ಐ. ಎಂಜಿನ್ನಿನ ಟಾರ್ಕ್ 59 ನ್ಯೂಟನ್ ಮೀಟರ್, ಅದೂ 2500 ಸುತ್ತಿಗೇ ಸಿಗ್ತಿತ್ತು. ಆಲ್ಟೊ 800ರದು 69, ಆದ್ರ 3500ಕ್ಕ. ಕೆ10ದು 89, ಅದೂ 3500ಕ್ಕ. ಹಳೇ 800 ಎರಡನೇ ಗೇರಿನಾಗ ಗದ್ದಲದೊಳಗ ಮುರಮುರಾ ಅನ್ನದ ನಡೀತಿತ್ತಲ್ಲ, ಅದರ ಗುಟ್ಟು ಇದು. ಅಂಕಿ ಸಣ್ಣದು, ಆದ್ರ ಕೆಳಗೇ ಸಿಗ್ತಿತ್ತು. ಷೋರೂಮಿಗೆ ಹೋದ್ರ "ಪವರ್ ಎಷ್ಟ" ಅನ್ನೂದು ಬಿಟ್ಟು "ಟಾರ್ಕ್ ಎಷ್ಟು ಸುತ್ತಿಗೆ ಪೂರ್ತಿ ಸಿಗ್ತದ" ಅಂತ ಕೇಳ್ರಿ. ನಾ ಒಂದು ಕಡೆ ಕೇಳಿದೆ. ಟೈ ಕಟ್ಟಿದ ಹುಡುಗ ನನ್ನ ಬಿಟ್ಟು ನಮ್ಮನಿಯವರ ಮಾರಿ ನೋಡಿ, "ಸರ್, ಮ್ಯಾಡಮ್‌ಗೆ ಕಲರ್ ತೋರಸ್ಲ್ಯಾ?" ಅಂದ.

ಸಣ್ಣ ಎಂಜಿನ್ನಿಗೆ ಆಗದ ಕೆಲಸಾನೂ ಅವ. ಅದನ್ನ ಮುಚ್ಚಿಡೂದಿಲ್ಲ. ಐದು ಮಂದಿ ಕೂತು, ಡಿಕ್ಕಿ ತುಂಬ ಸಾಮಾನು ಹೇರಿ, ಎ.ಸಿ. ಹಾಕ್ಕೊಂಡು ಅರಬೈಲ್ ಘಾಟ್ ಹತ್ತಿಸಿದ್ರ ಅದು ತೇಕತದ. ಎ.ಸಿ.ದ ಕಂಪ್ರೆಸರ್ ನಡಿಯೂದೂ ಅದ ಎಂಜಿನ್ನಿನ ಶಕ್ತಿ ಮ್ಯಾಲೆ, ಇದ್ದ ನಲವತ್ತರಾಗ ಅದೂ ಪಾಲು ಕೇಳ್ತದ. ಹೈವೇದಾಗ ಲಾರಿ ಓವರ್‌ಟೇಕ್ ಮಾಡ್ಬೇಕಂದ್ರ ಗೇರ್ ಇಳಿಸಬೇಕು, ಜಾಗಾ ನೋಡಬೇಕು, ಇಲ್ಲಾ ಸುಮ್ಮ ಹಿಂದ ಹೋಗಬೇಕು. ವಾರಕ್ಕ ಎರಡು ಸಲ ಘಾಟ್ ಇಳದು ಹತ್ತೋರಿದ್ರ ದೊಡ್ಡ ಎಂಜಿನ್ ತೊಗೋರಿ, ನಾ ಬ್ಯಾಡ ಅನ್ನೂದಿಲ್ಲ. ಏರ್‌ಬ್ಯಾಗ್, ಎ.ಬಿ.ಎಸ್. ಬ್ರೇಕ್ ಬೇಕು ಅಂತ ಹಳೇ ಗಾಡಿ ಬದಲಿಸ್ತೀರಿ? ಅದು ಶಾಣ್ಯಾತನದ ಮಾತು, ಜೀವದ ಮುಂದ ರೊಕ್ಕ ದೊಡ್ಡದಲ್ಲ. ಆದ್ರ ಹಂಗಂತ ಹೇಳಿ ಬದಲಿಸ್ರಿ. ಎಂಜಿನ್ನಿನ ಮ್ಯಾಲೆ ಸುಳ್ಳು ಆರೋಪ ಹೊರಿಸಬ್ಯಾಡ್ರಿ. ವರ್ಷಕ್ಕೊಮ್ಮೆ ಗೋಕರ್ಣಕ್ಕ ಹೋಗೂದಕ್ಕ ಮುನ್ನೂರಾ ಅರವತ್ತೈದು ದಿನದ ಕಂತು ಕಟ್ಟೂದು ಯಾವ ಲೆಕ್ಕ?

ಲೆಕ್ಕ ಅಂದ್ರ ಲೆಕ್ಕಾನ ಹಾಕೋಣು. 8 ಲಕ್ಷ ಸಾಲ, ನೂರಕ್ಕ 9ರ ಬಡ್ಡಿ, 7 ವರ್ಷ. ತಿಂಗಳ ಕಂತು ಸುಮಾರು 12,870 ರೂಪಾಯಿ. ಏಳು ವರ್ಷದಾಗ ಬಡ್ಡಿ ಅಂತನ 2 ಲಕ್ಷ 81 ಸಾವಿರ ಹೋಗ್ತದ. ನಮ್ಮನಿ ಗಾಡಿನೂ ಎಂಟನೂರು ಸಿ.ಸಿ. ಆಸುಪಾಸಿಂದು, ಕಂಪನಿ ಹೆಸರು ಇಲ್ಲಿ ಬ್ಯಾಡ. ಅದಕ್ಕ ವರ್ಷದ ಸರ್ವಿಸು, ಎಣ್ಣಿ, ಫಿಲ್ಟರು ಎಲ್ಲಾ ಕೂಡಿ ಈ ಒಂದು ತಿಂಗಳ ಕಂತಿಗಿಂತ ಕಡಿಮಿ ಬರ್ತದ. ನಾ ವಹಿ ಬರದಿಟ್ಟೇನಿ, ಬಾಯಿ ಮಾತಲ್ಲ.

ಎವರೇಜಿನ ವಿಷಯಕ್ಕ ಬರ್ತೇನಿ. ಕಾಗದದಾಗ ಕೆ10ಕ್ಕ ಲೀಟರಿಗೆ 24.39 ಕಿಲೋಮೀಟರ್ ಅಂತ ಬರದಾರ. ಆ ಪಾಯಿಂಟ್ ಮೂವತ್ತೊಂಬತ್ತು ನೋಡಿದ್ರ ಬಂಗಾರ ತೂಗಿದಷ್ಟು ನಂಬಿಕಿ ಬರ್ತದ. ಇಂಥಾ ಅಂಕಿ ರಸ್ತೆದ ಮ್ಯಾಲೆ ತಗದದ್ದಲ್ಲ. ಗಾಡಿ ಗಾಲಿ ರೋಲರ್ ಮ್ಯಾಲೆ ಇಟ್ಟು, ಪ್ರಯೋಗಶಾಲಾದಾಗ, ಎ.ಸಿ. ಬಂದ್ ಮಾಡಿ, ಇಷ್ಟು ಸೆಕೆಂಡ್ ಇಷ್ಟು ಸ್ಪೀಡು ಅಂತ ಗೊತ್ತು ಮಾಡಿದ ಒಂದ ನಮೂನಿಯೊಳಗ ಓಡಿಸಿ ತಗದದ್ದು. ಪುಣೆದ ಎ.ಆರ್.ಎ.ಐ. ಅಂತಲ್ಲಿ ಈ ಕೆಲಸ ಮಾಡ್ತಾರ. ಅದು ಸುಳ್ಳಲ್ಲ. ಎಲ್ಲಾ ಗಾಡಿಗೂ ಒಂದ ಪರೀಕ್ಷಾ ಇರೂದ್ರಿಂದ ಗಾಡಿ ಗಾಡಿ ಹೋಲಿಸ್ಲಿಕ್ಕೆ ಉಪಯೋಗ ಅದ. ಆದ್ರ ಅದು ನಿಮ್ಮನಿ ಎವರೇಜ್ ಅಲ್ಲ. ನಿಮ್ಮನಿದು ಬೇಕಂದ್ರ ಟಾಕಿ ಪೂರ್ತಿ ತುಂಬಸ್ರಿ, ಕಿಲೋಮೀಟರ್ ಬರಕೋರಿ. ಮುಂದಿನ ಸಲ ಮತ್ತ ಪೂರ್ತಿ ತುಂಬಿಸಿ, ಹಾಕಿದ ಲೀಟರಿಗೆ ಓಡಿದ ಕಿಲೋಮೀಟರ್ ಭಾಗಸ್ರಿ. ನಾಕೈದು ಸಲ ಹಿಂಗ ಮಾಡಿದ್ರ ನಿಮ್ಮ ಅಂಕಿ ನಿಮಗ ಸಿಗ್ತದ. ಅದರ ಮ್ಯಾಲೆ ಕಣ್ಣಿಡ್ರಿ. ಕಾರಣ ಇಲ್ಲದ ಒಮ್ಮೆಲೇ ಎರಡು ಮೂರು ಕಿಲೋಮೀಟರ್ ಇಳೀತಂದ್ರ ಎಂಜಿನ್ ನಿಮಗ ಏನೋ ಹೇಳ್ಲಿಕತ್ತದ: ಏರ್ ಫಿಲ್ಟರ್ ಧೂಳಾ ಕುಡದಿರಬಹುದು, ಪ್ಲಗ್ ಸವದಿರಬಹುದು, ಬ್ರೇಕ್ ಹಿಡಕೊಂಡಿರಬಹುದು, ಟಾಯರಿನ ಗಾಳಿ ಇಳದಿರಬಹುದು.

ಈಗ ಪಂಪಿನಾಗ ಬರೋ ಪೆಟ್ರೋಲಿನಾಗ ಇಪ್ಪತ್ತು ಪಾಲು ಎಥೆನಾಲ್ ಇರ್ತದ. ಒಂದು ಲೀಟರ್ ಎಥೆನಾಲಿನಾಗ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮಿ. ಹಳೇ ಕಾರುಗಳಿಗೆ ಇದರಿಂದ ನೂರಕ್ಕ 6-7ರಷ್ಟು ಎವರೇಜ್ ಇಳೀಬಹುದು ಅಂತ ನೀತಿ ಆಯೋಗದ 2021ರ ವರದಿನ ಹೇಳೇದ. ನಮ್ಮ ಬೆಳಗಾವಿ, ಬಾಗಲಕೋಟಿ ಕಬ್ಬಿನವರಿಗೆ ಇದರಿಂದ ನಾಕು ರೊಕ್ಕ ಸಿಕ್ರ ನನಗೂ ಸಂತೋಷನ. ಆದ್ರ ಎವರೇಜ್ ಇಳದದ್ದಕ್ಕ "ಹಳೇ ಸಣ್ಣ ಎಂಜಿನ್, ಮುಗೀತು ಇದರ ಕಥಿ" ಅಂತ ತೀರ್ಪು ಕೊಡೋರಿಗೆ ಇದು ಗೊತ್ತಿರಬೇಕು. ಇದಕ್ಕ ಅಂತ ಮಾಡದ ಹಳೇ ಗಾಡಿದ ರಬ್ಬರ್ ಪೈಪು, ಸೀಲು ಎಥೆನಾಲಿಗೆ ಲಗೂ ಕೆಡಬಹುದು. ಸರ್ವಿಸಿಗೆ ಬಿಟ್ಟಾಗ ಪೆಟ್ರೋಲ್ ಪೈಪ್ ಬಿರಕ ಬಿಟ್ಟದೇನು ಅಂತ ನೋಡ್ಲಿಕ್ಕೆ ಹೇಳ್ರಿ. ಪೈಪಿನ ಕಿಮ್ಮತ್ತು ಏನೂ ಇಲ್ಲ, ಬಿಸಿ ಎಂಜಿನ್ನಿನ ಮ್ಯಾಲೆ ಪೆಟ್ರೋಲ್ ಸೋರಿದ್ರ ಆಗೋ ಅನಾಹುತ ದೊಡ್ಡದು.

ಇನ್ನೊಂದು ದೂರು ಅದ: "ಮೂರು ಸಿಲಿಂಡರ್ ರೀ, ನಿಂತಾಗ ಥರಥರಾ ನಡಗ್ತದ." ನಡಗ್ತದ, ಖರೆ. ಈ ಥರದ ಎಂಜಿನ್ನಿನಾಗ ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರೀತದ. ನಾಕಿದ್ರ ಅರ್ಧ ಸುತ್ತಿಗೊಂದು ಹೊಡತ, ಮೂರಿದ್ರ ಒಂದು ಹೊಡತಕ್ಕೂ ಇನ್ನೊಂದಕ್ಕೂ ಅಂತರ ಹೆಚ್ಚು. ಮ್ಯಾಲಿಂದ ಆ ಕಡೀದು ಏರಿದಾಗ ಈ ಕಡೀದು ಇಳೀತಿರ್ತದ, ಎಂಜಿನ್ ತೊಟ್ಟಲ ತೂಗಿದಂಗ ತೂಗ್ತದ. ಅದು ಹುಟ್ಟು ಗುಣ, ರೋಗ ಅಲ್ಲ. ಆ ನಡಕ ನಮ್ಮ ಸೀಟಿಗೆ ಬರಬಾರದು ಅಂತ ಎಂಜಿನ್ ಕೆಳಗ ರಬ್ಬರಿನ ಮೌಂಟಿಂಗ್ ಇಟ್ಟಿರ್ತಾರ. ವರ್ಷ ಕಳದಂಗ ರಬ್ಬರ್ ಕಲ್ಲಾಗ್ತದ, ನಡಕ ಒಳಗ ಬರ್ತದ. ಆವಾಗ ಬದಲಿಸಬೇಕಾದ್ದು ರಬ್ಬರ್, ಗಾಡಿ ಅಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸಡಲ ಆಯ್ತಂತ ಯಾರಾದ್ರೂ ಕುಕ್ಕರ್ ಒಗೀತಾರ?

ಹಂಗಿದ್ರ ಸಣ್ಣ ಎಂಜಿನ್ ಸಾಯೂದು ಯಾತರಿಂದ? ನನಗ ತಿಳದಂಗ ಮೂರು ಕಾರಣ: ಕಾವು, ಎಣ್ಣಿ, ಬೆಲ್ಟು. ಮೂರೂ ನಮ್ಮ ಕೈಯಾಗಿನವ.

ಕಾವಿಂದು ಮೊದಲು. ಎಂಜಿನ್ ಸುತ್ತ ನೀರು ಓಡಾಡಿ ಕಾವು ತಗೀತದ. ಆ ನೀರಿನಾಗ ಕೂಲಂಟ್ ಬೆರಸಿರ್ತಾರ. ಅದು ತುಕ್ಕು ತಡೀತದ, ನೀರು ಲಗೂ ಕುದಿಯದಂಗ ನೋಡ್ಕೊಳ್ತದ. ರೇಡಿಯೇಟರಿನ ಮುಚ್ಚಳ ನಮ್ಮ ಕುಕ್ಕರಿನ ಸೀಟಿ ಇದ್ಧಂಗ, ಒತ್ತಡ ಹಿಡದಿಟ್ಟು ಕುದಿಯೋ ಬಿಂದು ಮ್ಯಾಲೆ ಏರಸ್ತದ. ಅದಕ್ಕ ಬಿಸಿ ಇದ್ದಾಗ ಮುಚ್ಚಳ ತಗೀಬಾರದು, ಮಾರಿ ಸುಟ್ಟೀತು. ನಮ್ಮವರು ಮಾಡೂದೇನು? ಕೂಲಂಟಿಗೆ ಯಾಕ ರೊಕ್ಕ ಅಂತ ಬೋರಿನ ನೀರು ಸುರೂತಾರ. ನಮ್ಮ ಬೋರಿನ ನೀರು ಗೀಝರಿನ ಕಾಯಿಲಿಗೆ ಏನು ಮಾಡ್ತದ ಗೊತ್ತಿಲ್ಲೇನು? ಬೆಳ್ಳಗ ಸುಣ್ಣದ ಹೊಪ್ಪಳಿಕಿ ಕಟ್ತದ. ಅದ ಹೊಪ್ಪಳಿಕಿ ಎಂಜಿನ್ನಿನ ಸಣ್ಣ ಸಣ್ಣ ದಾರಿಯೊಳಗೂ ಕಟ್ತದ.

ಎದುರುಮನಿ ಕಾಕಾ ಅವರ ಗಾಡಿ ಹೋದ ಬ್ಯಾಸಿಗ್ಯಾಗ ಕಾಯ್ತು. ಒಂದು ರಬ್ಬರ್ ಹೋಸ್ ಬಿರಕ ಬಿಟ್ಟು ನೀರೆಲ್ಲಾ ಸೋರಿತ್ತು. ಮುಳ್ಳು ಕೆಂಪಿಗೆ ಹೋಗಿತ್ತು. ಕಾಕೂ "ನಿಲ್ಲಸ್ರಿ" ಅಂದ್ರ, "ಮನಿ ಬಂತ ಬಿಡು, ಇನ್ನ ಎರಡ ಕಿಲೋಮೀಟರ್" ಅಂದ್ರಂತ. ಎಂಜಿನ್ನಿನ ಮ್ಯಾಲಿನ ಹೆಡ್ ಅಲ್ಯುಮಿನಿಯಮ್ಮಿಂದು. ಖಾಲಿ ಅಲ್ಯುಮಿನಿಯಂ ಪಾತೇಲಿ ಒಲಿ ಮ್ಯಾಲೆ ಇಟ್ಟು ಮರತ್ರ ತಳಾ ಸೊಟ್ಟ ಆಗ್ತದಲ್ಲ, ಹಂಗ ಹೆಡ್ ಸೊಟ್ಟ ಆತು. ಗ್ಯಾಸ್ಕೆಟ್ ಹೋತು, ನೀರು ಎಣ್ಣಿಯೊಳಗ ಕೂಡಿ ಹಾಲು ಹಾಕಿದ ಕಾಫಿ ಬಣ್ಣಕ್ಕ ತಿರುಗ್ತು. ಹೋಸಿನ ಕಿಮ್ಮತ್ತು ನಾಕನೂರು ರೂಪಾಯಿ, ಬಿಲ್ಲು ಬಂದದ್ದು ಇಪ್ಪತ್ತೆರಡು ಸಾವಿರ. ಕಾಕಾ ಓಣಿ ತುಂಬ ಹೇಳಿದ್ದೇನು? "ಸಣ್ಣ ಎಂಜಿನ್ ನೋಡ್ರಿ, ತಡಕೊಳ್ಳಲಿಲ್ಲ." ಅಲ್ಲಾ, ನೀರಿಲ್ಲದ ನಡಿಸಿದ್ರ ಯಾವ ದೊಡ್ಡ ಎಂಜಿನ್ ತಡಕೊಳ್ತದ?

ಎರಡನೇದು ಎಣ್ಣಿ. ಸಣ್ಣ ಎಂಜಿನ್ನಿನಾಗ ಎಣ್ಣಿ ಇರೂದ ಕಡಿಮಿ, ಸುಮಾರು ಮೂರು ಲೀಟರ್. ಅದರಾಗ ಒಂದು ಲೀಟರ್ ಕಡಿಮಿ ಆತಂದ್ರ ಮೂರನೇ ಒಂದು ಪಾಲು ಹೋದಂಗ. ಪುಸ್ತಕದಾಗ ಸಾಮಾನ್ಯವಾಗಿ ಹತ್ತು ಸಾವಿರ ಕಿಲೋಮೀಟರ್ ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು, ಅಂತ ಇರ್ತದ. ನಮ್ಮವರು ಮೊದಲನೇ ಅರ್ಧ ಅಷ್ಟ ಓದ್ತಾರ. "ಗಾಡಿ ಎಲ್ಲಿ ಓಡೇದ? ವರ್ಷಕ್ಕ ಮೂರು ಸಾವಿರ ಆಗಿಲ್ಲ, ಎಣ್ಣಿ ಯಾಕ ಬದಲಿಸಬೇಕು?" ಕಡಿಮಿ ಓಡೋ ಗಾಡಿದ ಎಣ್ಣಿನ ಲಗೂ ಕೆಡ್ತದ, ತಿಳ್ಕೊಳ್ರಿ. ಮನಿಯಿಂದ ಬಾಜಾರಕ್ಕ ಎರಡು ಕಿಲೋಮೀಟರ್, ಶನಿವಾರ ನುಗ್ಗಿಕೇರಿ ಹಣಮಪ್ಪನ ಗುಡಿಗೆ ಹೋಗಿ ಬರೂದು, ಇಷ್ಟರಾಗ ಎಂಜಿನ್ ಪೂರ್ತಿ ಕಾಯೂದ ಇಲ್ಲ. ಕಾಯದ ಎಂಜಿನ್ನಿನಾಗ ಉರಿಯದ ಪೆಟ್ರೋಲು, ನೀರಿನ ಪಸಿ ಎಣ್ಣಿಯೊಳಗ ಇಳದು ಅಲ್ಲೇ ಉಳೀತಾವ, ಆವಿಯಾಗಿ ಹೋಗೂದಿಲ್ಲ. ಹಂಗಂತನ ಬರೇ ಸಣ್ಣ ಸಣ್ಣ ಓಡಾಟದ ಗಾಡಿಗೆ ಎಣ್ಣಿ ಇನ್ನೂ ಲಗೂ ಬದಲಿಸ್ರಿ ಅಂತ ಪುಸ್ತಕದಾಗ ಬ್ಯಾರೆ ಸಾಲು ಇರ್ತದ. ಆ ಸಾಲು ಯಾರೂ ಓದೂದಿಲ್ಲ. ಭಜಿ ಕರದ ಎಣ್ಣಿ ಒಮ್ಮೆ ಅಷ್ಟ ಕರದದ್ದು ಅಂತ ವರ್ಷಗಟ್ಟಲೆ ಇಟ್ಟು ಉಣ್ತೀರೇನು?

ಮೂರನೇದು ಬೆಲ್ಟು. ಹಳೇ 800, ಆಲ್ಟೊ 800 ಎಂಜಿನ್ನಿನಾಗ ಕವಾಟ ತಗದು ಹಾಕೋ ಕೆಲಸಕ್ಕ ಟೈಮಿಂಗ್ ಬೆಲ್ಟ್ ಅದ, ರಬ್ಬರಿಂದು. ಕೆ10ದಂಥಾ ಎಂಜಿನ್ನಿಗೆ ಚೈನ್ ಅದ. ಚೈನ್ ಹೆಚ್ಚು ದಿನ ಬಾಳ್ತದ, ಎಣ್ಣಿ ಸರಿ ಇದ್ರ. ಬೆಲ್ಟ್ ಇದ್ರ ಕೋಷ್ಟಕದಾಗ ಹೇಳಿದಾಗ ಬದಲಿಸಬೇಕು. ಅದು ಹರಿಯೂಕಿಂತ ಮೊದಲು ಸಪ್ಪಳ ಮಾಡೂದಿಲ್ಲ, ಹೊಗಿ ಬಿಡೂದಿಲ್ಲ. ಹರೀತಂದ್ರ ಎಂಜಿನ್ ನಿಂತಲ್ಲೇ ನಿಂತು ಬಿಡ್ತದ. ಕೆಲವು ಎಂಜಿನ್ನಿನಾಗ ಪಿಸ್ಟನ್ ಹೋಗಿ ಕವಾಟಕ್ಕ ಬಡದು ಎರಡೂ ಹಾಳಾಗ್ತಾವ. ರಾತ್ರಿ ಹೊತ್ತು ಬೈಪಾಸಿನಾಗ ಒಬ್ಬಾಕಿ ಹೆಣ್ಣಮಗಳು ಬರೋವಾಗ ಹಂಗಾದ್ರ? ಸೆಕೆಂಡ್ ಹ್ಯಾಂಡ್ ತೊಗೊಳ್ಳೋರು ಬಂಪರಿನ ಗೀರು ನೋಡೂಕಿಂತ ಮೊದಲು ಬೆಲ್ಟ್ ಯಾವಾಗ ಬದಲಿ ಮಾಡೀರಿ, ಬಿಲ್ಲು ತೋರಸ್ರಿ ಅಂತ ಕೇಳಬೇಕು.

ಈ ಮೂರನ್ನ ನೋಡ್ಕೊಂಡ್ರ ಸಣ್ಣ ಎಂಜಿನ್ ಎಷ್ಟು ದುಡೀತದ ಅನ್ನೂದಕ್ಕ ಓಮ್ನಿ ವ್ಯಾನೇ ಸಾಕ್ಷಿ. ಅದರೊಳಗಿದ್ದದ್ದೂ ಅದ 796 ಸಿ.ಸಿ. ಎಂಜಿನ್. ಸಾಲಿ ಹುಡುಗರನ್ನ ಒಳಗ ತುರುಕಿ, ಬ್ಯಾಗ್ ಹೊರಗ ತೂಗಹಾಕಿ ಓಡಿಸಿದ್ರು. ಆಂಬುಲೆನ್ಸ್ ಮಾಡಿದ್ರು. ಕಿರಾಣಿ ಸಾಮಾನು ಹೇರಿದ್ರು. 1984ರಿಂದ 2019ರ ತನಕಾ ಆ ವ್ಯಾನ್ ತಯಾರಾತು. 800 ಕಾರು 2014ರ ಜನವರಿ ತನಕಾ, ದೇಶದಾಗ 25 ಲಕ್ಷಕ್ಕಿಂತ ಹೆಚ್ಚು ಮಾರಾಟ ಆತು. ಬೆಂಗಳೂರಿನಂಥಾ ದೊಡ್ಡ ಊರಾಗ 2010ಕ್ಕ ಭಾರತ್ ಸ್ಟೇಜ್ 4 ಹೊಗಿ ನಿಯಮ ಬಂದಾಗ ಮಾರೂದು ನಿಲ್ಲಿಸಿದ್ರು. ಆಲ್ಟೊ 800 ಸುದ್ಧಾ 2023ರ ಹೊಸ ಹೊಗಿ ನಿಯಮದ ಹೊತ್ತಿಗೆ ನಿಂತು ಹೋತು. ಹೊಗಿ ಕಡಿಮಿ ಆಗಬೇಕಾದ್ದು ಬರೋಬ್ಬರಿ, ನಮ್ಮ ಮೊಮ್ಮಕ್ಕಳೂ ಉಸಿರಾಡಬೇಕಲ್ಲ. ಆದ್ರ ಈ ಎಂಜಿನ್ ಕೈಲಾಗದ ನಿಂತವು ಅಂತ ಹೇಳೂದು ಶುದ್ಧ ಸುಳ್ಳು.

ಈಗ ಹೊಸಾ ಮಾತೊಂದು ಬಂದದ: "ಸಣ್ಣ ಎಂಜಿನ್ನೇ ಬೇಕಂದ್ರ ಟರ್ಬೊ ತೊಗೋರಿ, ಒಂದು ಲೀಟರಿಗೇ ನೂರು ಕುದುರಿ." ಟರ್ಬೊ ಕೆಟ್ಟದ್ದಲ್ಲ. ಹೊರಗ ಹೋಗೋ ಬಿಸಿ ಹೊಗಿಯಿಂದ ಸಣ್ಣ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕೋ ಯುಕ್ತಿ ಅದು, ಶಾಣ್ಯಾ ಯುಕ್ತಿ. ಆದ್ರ ಆ ಚಕ್ರ ನಿಮಿಷಕ್ಕ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗ್ತದ, ಅದಕ್ಕ ಆಧಾರ ಎಂಜಿನ್ನಿನ ಅದ ಎಣ್ಣಿ. ಎರಡು ವರ್ಷ ಎಣ್ಣಿ ಬದಲಿಸದ ಮನಿಗೆ ಟರ್ಬೊ ತರೂದಂದ್ರ, ಹಿತ್ತಾಳಿ ಭಾಂಡೆ ಬೆಳಗಲಾರದವರು ಬೆಳ್ಳಿ ಭಾಂಡೆ ತಂದಂಗ. ಸಾದಾ ಎಂಜಿನ್ನಿನಾಗ ಸಾಮಾನು ಕಡಿಮಿ, ಕೆಡೂದೂ ಕಡಿಮಿ, ಕೆಟ್ರ ಓಣಿ ಮೂಲಿ ಮಿಸ್ತ್ರಿಗೂ ರಿಪೇರಿ ಬರ್ತದ. ನಂಬಿಕಿ ಅಂದ್ರ ಇದು.

ನನ್ನ ಸಿಟ್ಟು ಎಂಜಿನ್ ಮಾಡೋರ ಮ್ಯಾಲಲ್ಲ. ಅದನ್ನ ಮಾರೋರ ಮ್ಯಾಲೆ, ಅದನ್ನ ಗಂಡಸರ ಖಾತೆ ಅಂತ ಮಾಡಿಟ್ಟವರ ಮ್ಯಾಲೆ. ಷೋರೂಮಿನಾಗ ಚಾವಿ ಕೊಡೋವಾಗ ಕೇಕ್ ಕತ್ತರಸಸ್ತಾರ, ರಿಬ್ಬನ್ ಕಟ್ಟಿದ ಗಾಡಿ ಮುಂದ ಫೋಟೋ ತಗೀತಾರ. ಎಣ್ಣಿ ಕಡ್ಡಿ ಎಲ್ಲದ ಅಂತ ಒಬ್ಬರೂ ತೋರಸೂದಿಲ್ಲ. ನಮ್ಮ ಗಾಡಿ ಜೋಡಿ ಬಂದ ಪುಸ್ತಕ ಪೂರ್ತಿ ಇಂಗ್ಲಿಷಿನಾಗದ. ಅದನ್ನ ಮಾರಿದವರ ಜಾಹೀರಾತು ಮಾತ್ರ ಚಂದದ ಕನ್ನಡದಾಗಿತ್ತು! ಮಾರೋವಾಗ ಬರೋ ಕನ್ನಡ ನಡಿಸೋವಾಗ ಯಾಕ ಬರೂದಿಲ್ಲ? ಪೂರ್ತಿ ಪುಸ್ತಕ ಬ್ಯಾಡ, ಎಣ್ಣಿ, ಕೂಲಂಟು, ಬೆಲ್ಟು, ಪ್ಲಗ್ಗು, ಫಿಲ್ಟರು ಯಾವಾಗ ಬದಲಿಸಬೇಕು ಅನ್ನೋ ಒಂದ ಹಾಳಿ ಕನ್ನಡದಾಗ ಕೊಟ್ರ ಸಾಕು. ಫ್ರಿಜ್ಜಿನ ಬಾಗಿಲಕ್ಕ ಅಂಟಿಸ್ತೇವಿ. ಮನ್ಯಾಗ ಹುಡುಗರ ಲಸಿ ತಾರೀಖು, ಗ್ಯಾಸಿನ ತಾರೀಖು, ಹಾಲಿನವನ ಲೆಕ್ಕ ನೆನಪಿಡೋರು ನಾವು. ಎಣ್ಣಿ ತಾರೀಖು ನೆನಪಿಡಲಿಕ್ಕೆ ನಮಗ ಬರೂದಿಲ್ಲೇನು?

ಸರ್ವಿಸಿಗೆ ಬಿಟ್ಟಾಗಿನ ಬಿಲ್ಲೂ ನಾವ ಓದಬೇಕು. ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಕೋಟಿಂಗ್, ಒಳಗಿನ ಸುಗಂಧ ಅಂತ ಹತ್ತು ಸಾಲು ಇರ್ತಾವ. ಪುಸ್ತಕದ ಕೋಷ್ಟಕದಾಗ ಇಲ್ಲದ್ದಕ್ಕ "ಇದು ಯಾಕ ಬೇಕು ಹೇಳ್ರಿ" ಅಂತ ಕೇಳ್ರಿ. ಕೋಷ್ಟಕದಾಗ ಇದ್ದದ್ದಕ್ಕ ಒಂದು ರೂಪಾಯಿನೂ ಹಿಂದ ನೋಡಬ್ಯಾಡ್ರಿ. ಎಣ್ಣಿ ಯಾವ ನಂಬರಿಂದು ಹಾಕಿದ್ರಿ ಅಂತ ಬಿಲ್ಲಿನ ಮ್ಯಾಲೆ ಬರಸಿಕೊಳ್ರಿ, ಅದು ಪುಸ್ತಕದಾಗಿನ ನಂಬರಿಗೆ ಹೊಂದಬೇಕು.

ಓದೋ ಅಕ್ಕಾರ, ತಂಗೇರ, ಒಂದ ಕೆಲಸ ಹೇಳ್ತೇನಿ. ನಾಳೆ ಮುಂಜಾನೆ, ಗಾಡಿ ಇನ್ನೂ ಚಾಲೂ ಮಾಡಿರೂದಿಲ್ಲಲ್ಲ, ಆವಾಗ ಸಪಾಟ ಜಾಗಾದಾಗ ನಿಂತ ಗಾಡಿದ ಬಾನೆಟ್ ತಗಸ್ರಿ. ಎಣ್ಣಿ ಕಡ್ಡಿ ಎಳದು ಹಳೇ ಅರಬಿಲೆ ಒರಸಿ, ಮತ್ತ ಪೂರ್ತಿ ಒಳಗ ಹಾಕಿ ತಗೀರಿ. ಎಣ್ಣಿ ಎರಡು ಗುರುತಿನ ನಡುವ ಇರಬೇಕು. ಕೆಳಗಿದ್ರ ಆವತ್ತ ಹಾಕಸ್ರಿ. ಕೂಲಂಟಿನ ಡಬ್ಬಿ ಹೊರಗಿಂದನ ಕಾಣ್ತದ, ಅದರಾಗೂ ಎರಡು ಗೆರಿ ಅವ, ನೋಡ್ರಿ. ಆಮ್ಯಾಲೆ ಪುಸ್ತಕದ ಕಡೀ ಪುಟ ತಗದು ಹೋದ ಸಲ ಎಣ್ಣಿ ಬದಲಿಸಿದ ತಾರೀಖು ಬರೀರಿ. ಎಲ್ಲಾ ಕೂಡಿ ಒಂದು ಕಪ್ ಚಹಾ ಕುದಿಯೂವಷ್ಟು ಹೊತ್ತು. ಇಷ್ಟು ಮಾಡಿ ಹತ್ತು ವರ್ಷ ನಡಿಸಿದ ಮ್ಯಾಲೂ ನಿಮ್ಮ ಸಣ್ಣ ಎಂಜಿನ್ ಕೈಕೊಟ್ರ ಆವಾಗ ಅದಕ್ಕ ಬೈರಿ, ನಾನೂ ಬಂದು ನಿಮ್ಮ ಜೋಡಿ ಬೈತೇನಿ. ಅಲ್ಲಿ ತನಕಾ ಅದಕ್ಕ ಹೊಲಿಗಿ ಮಷೀನ್ ಅಂದವರಿಗೆ "ಹೌದ್ರೀ, ಹೊಲಿಗಿ ಮಷೀನೇ, ಎಣ್ಣಿ ಬಿಟ್ಟೇನಿ" ಅಂತ ಹೇಳ್ರಿ.